ಹೊಸಬರಿಗೆ ಮಾರ್ಗದರ್ಶಿ: ನಿಮ್ಮ ಧರ್ಮಕೇಂದ್ರ ಯಾವುದು?

ಮನೆ ಸಿಕ್ಕಿತು, ಮಕ್ಕಳಿಗೆ ಶಾಲೆ ಸಿಕ್ಕಿತು. ಇನ್ನು ಭಾನುವಾರದ ಪೂಜೆಗೆ ಎಲ್ಲಿಗೆ ಹೋಗೋದು? ನಮ್ಮ ಕನ್ನಡ ಸಂಘಕ್ಕೆ ಬರುವ ಕ್ಯಾಥೋಲಿಕ್ ಕುಟುಂಬಗಳು ಮೊದಲು ಕೇಳುವುದು "ಕನ್ನಡ ಪೂಜೆ ಎಲ್ಲಿದೆ?" ಅಂತ. ಅದನ್ನು ಆಮೇಲೆ ಹುಡುಕೋಣ. ಮೊದಲು ನಿಮ್ಮ ಮನೆ ಯಾವ ಧರ್ಮಕೇಂದ್ರಕ್ಕೆ, ಅಂದರೆ ಯಾವ ಪ್ಯಾರಿಷ್‌ಗೆ (ಒಬ್ಬ ಧರ್ಮಗುರುವಿನ ಹೊಣೆಯಲ್ಲಿರುವ ಸ್ಥಳೀಯ ಚರ್ಚು) ಸೇರುತ್ತದೆ ನೋಡಿಕೊಳ್ಳಿ.

ಧರ್ಮಕೇಂದ್ರಕ್ಕೆ ಸಾಮಾನ್ಯವಾಗಿ ಒಂದು ಗಡಿ ಇರುತ್ತದೆ. ಆ ಗಡಿಯೊಳಗೆ ಮೂರು ತಿಂಗಳಾದರೂ ಇರುವ ಯೋಚನೆಯಿಂದ ಬಂದು ನೆಲೆಸಿದರೆ ಸಾಕು, ಚರ್ಚಿನ ಕಾನೂನಿನ ಪ್ರಕಾರ ಅಲ್ಲಿನ ಧರ್ಮಗುರು ನಿಮಗೂ ಧರ್ಮಗುರು. ಯಾರ ಶಿಫಾರಸೂ ಬೇಡ. ಅಲ್ಲಿನ ಭಾಷೆ ಬರಬೇಕೆಂದೂ ಇಲ್ಲ. ಅಷ್ಟಕ್ಕೂ ಪ್ಯಾರಿಷ್ ಎಂಬ ಪದದ ಬೇರು ಗ್ರೀಕಿನ 'ಪರೋಯ್ಕಿಯಾ'. ಪರಸ್ಥಳದಲ್ಲಿ ಪರದೇಶಿಯಾಗಿ ತಂಗಿರುವುದು ಅಂತ ಅದರ ಅರ್ಥ! ಹಿಂದಿನ ಬೆಂಚಿನಲ್ಲಿ ಮುದುಡಿ ಕೂತಾಗ ಇದು ನೆನಪಿರಲಿ.

ಚರ್ಚಿನ 1917ರ ಕಾನೂನು ಸಂಹಿತೆ ಧರ್ಮಕೇಂದ್ರವನ್ನು ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಒಂದು ಭೂಭಾಗ ಎಂಬಂತೆ ನೋಡಿತ್ತು. 1983ರ ಸಂಹಿತೆ ಅದನ್ನು ಮೊದಲು ಜನರ ಸಮುದಾಯ ಎಂದಿತು. ಭಾಷೆ ಅಥವಾ ರಾಷ್ಟ್ರೀಯತೆ ನೋಡಿ ಬೇರೆ ಧರ್ಮಕೇಂದ್ರ ಮಾಡುವುದಕ್ಕೂ ಅದರಲ್ಲಿ ಜಾಗವಿದೆ. ವಲಸೆ ಬಂದವರಿಗೆ ಅವರ ಭಾಷೆಯ ಗುರುಗಳೇ ಸಿಗಬೇಕು ಎಂದು ಪೋಪ್ ಹನ್ನೆರಡನೇ ಪಯಸ್ 1952ರಲ್ಲೇ ವಿವರವಾದ ನಿಯಮ ಮಾಡಿದ್ದರು.

ಭಾಷೆಯ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಎರಡನೇ ವ್ಯಾಟಿಕನ್ ಮಹಾಸಭೆಗಿಂತ (ಜಗತ್ತಿನ ಬಿಷಪ್ಪರೆಲ್ಲ ಸೇರಿದ ಸಭೆ) ಮುಂಚೆ ಹೆಚ್ಚಿನ ಕಡೆ ಪೂಜೆ ಲ್ಯಾಟಿನ್‌ನಲ್ಲಿ. ಸ್ಥಳೀಯರಿಗೂ ಹೊಸಬರಿಗೂ ಒಂದೇ ಸಮನಾಗಿ ಅರ್ಥವಾಗುತ್ತಿರಲಿಲ್ಲ! 1963ರಲ್ಲಿ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. ಅದು ಒಳ್ಳೆಯದೇ, ಆದರೆ ಬೇರೆ ಭಾಷೆಯ ಊರಿಗೆ ಹೋದವರು ಕಣ್ಣು ಕಣ್ಣು ಬಿಡುವಂತಾಯಿತು. ಇದಕ್ಕೊಂದು ಸುಲಭ ಉಪಾಯ ಇದೆ. ಭಾನುವಾರದ ಬೈಬಲ್ ವಾಚನಗಳು ಮೂರು ವರ್ಷದ ಚಕ್ರದಲ್ಲಿ ತಿರುಗುತ್ತವೆ. ಮುಖ್ಯವಾಗಿ ಒಂದು ವರ್ಷ ಮತ್ತಾಯ ಬರೆದ ಶುಭಸಂದೇಶ (ಯೇಸುವಿನ ಜೀವನದ ಪುಸ್ತಕ), ಮುಂದಿನ ವರ್ಷ ಮಾರ್ಕನದು, ಆಮೇಲೆ ಲೂಕನದು. ಒಂದೇ ಭಾನುವಾರ ಎಲ್ಲೆಡೆ ಸಾಮಾನ್ಯವಾಗಿ ಅದೇ ಶುಭಸಂದೇಶ. ಶನಿವಾರ ರಾತ್ರಿ ಮನೆಯಲ್ಲಿ ಕನ್ನಡದಲ್ಲಿ ಓದಿಕೊಂಡು ಹೋಗಿ. ಪ್ರಬೋಧನೆ ಅರ್ಧ ಅರ್ಥವಾದರೂ ಎಳೆ ತಪ್ಪುವುದಿಲ್ಲ.

ಈಗ ಕಾಗದಪತ್ರ. ಇಲ್ಲೇ ನಮ್ಮವರು ಜಾಸ್ತಿ ಎಡವುವುದು. ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ. ಸುಮ್ನೆ ಪ್ರತಿ ವಾರ ಪೂಜೆಗೆ ಬಂದು ಹೋದರೆ ನಿಮ್ಮ ಹೆಸರು ಅಲ್ಲಿನ ಯಾವ ಪುಸ್ತಕದಲ್ಲೂ ಇರುವುದಿಲ್ಲ. ನಾಳೆ ಯಾರದೋ ಮಗುವಿಗೆ ಜ್ಞಾನತಂದೆ (ಗಾಡ್‌ಫಾದರ್) ಆಗಬೇಕಾದಾಗ ಪತ್ರ ಯಾರು ಕೊಡುತ್ತಾರೆ? ಜ್ಞಾನಸ್ನಾನ (ಬ್ಯಾಪ್ಟಿಸಂ) ಎಲ್ಲಿ ಆಯಿತೋ ಆ ಧರ್ಮಕೇಂದ್ರದ ಪುಸ್ತಕವೇ ನಿಮ್ಮ ಮೂಲ ದಾಖಲೆ. ದೃಢೀಕರಣ (ಜ್ಞಾನಸ್ನಾನದ ನಂತರದ ಕನ್ಫರ್ಮೇಷನ್ ಸಂಸ್ಕಾರ) ಆದರೆ, ಮದುವೆ ಆದರೆ, ಆ ಸುದ್ದಿ ವಾಪಸ್ ಅಲ್ಲಿಗೇ ಹೋಗಬೇಕು, ನಿಮ್ಮ ಹೆಸರಿನ ಪಕ್ಕದಲ್ಲೇ ಸೇರಬೇಕು. ಮದುವೆಗೆ ಹೊಸದಾಗಿ ತರಿಸಿದ ಜ್ಞಾನಸ್ನಾನದ ಪ್ರಮಾಣಪತ್ರ ಕೇಳುವುದು ಇದಕ್ಕೇ. ಹಳೆಯದರಲ್ಲಿ ಈ ಟಿಪ್ಪಣಿ ಇರುವುದಿಲ್ಲವಲ್ಲ.

ನನ್ನ ಕಥೆ ಕೇಳಿ. ನನ್ನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಇನಿಷಿಯಲ್ ಆಗಿತ್ತು, ಪಾಸ್‌ಪೋರ್ಟಿನಲ್ಲಿ ಅದೇ ಮನೆತನದ ಹೆಸರಾಗಿತ್ತು. ಇಬ್ಬರೂ ಒಬ್ಬರೇ ಅಂತ ನಂಬಿಸುವುದಕ್ಕೆ ನಾಲ್ಕು ಸಲ ಓಡಾಡಿದೆ. ನೀವು ಮುಂಚೆಯೇ ಎರಡನ್ನೂ ತಾಳೆ ನೋಡಿಕೊಳ್ಳಿ.

ಮಗುವಿನ ಜ್ಞಾನಸ್ನಾನಕ್ಕೆ ಜ್ಞಾನಪೋಷಕರು ಒಬ್ಬರಿದ್ದರೂ ಸಾಕು, ಇಬ್ಬರಾದರೆ ಒಂದು ಗಂಡು, ಒಂದು ಹೆಣ್ಣು. ಸಾಮಾನ್ಯ ನಿಯಮದಂತೆ 16 ವರ್ಷ ತುಂಬಿರಬೇಕು, ದೃಢೀಕರಣ ಆಗಿರಬೇಕು. ಅಪ್ಪ ಅಮ್ಮನೇ ಜ್ಞಾನಪೋಷಕರಾಗುವಂತಿಲ್ಲ.

ಕ್ರೈಸ್ತರಲ್ಲದ ಸಂಘದ ಗೆಳೆಯರೂ ಪೂಜೆಗೆ ಬಂದು ಕೂರಬಹುದು, ಯಾರೂ ಏನೂ ಅನ್ನುವುದಿಲ್ಲ. ಪೂಜೆಯಲ್ಲಿ ಕೊಡುವ ಪರಮಪ್ರಸಾದ (ಕಮ್ಯೂನಿಯನ್ ರೊಟ್ಟಿ) ಮಾತ್ರ ಸ್ವೀಕರಿಸುವುದು ಬೇಡ. ಕಷ್ಟದಲ್ಲಿದ್ದರೆ, ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಂಘದ ಶಾಖೆ ಇದೆಯಾ ಅಂತ ಧರ್ಮಕೇಂದ್ರದಲ್ಲಿ ಕೇಳಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಜಾನಾಂ ಮತ್ತು ಅವರ ಗೆಳೆಯರು ಶುರು ಮಾಡಿದ್ದು. ಆ ಸಂಘದವರು ಸಹಾಯ ಮಾಡುವಾಗ ಧರ್ಮ ನೋಡುವುದಿಲ್ಲ.

ಇನ್ನು ಕನ್ನಡ ಪೂಜೆ. "ನಮಗೂ ಬೇಕು" ಅಂತ ಬರಿಗೈಯಲ್ಲಿ ಹೋಗಿ ಕೇಳಬೇಡಿ. ಎಷ್ಟು ಕುಟುಂಬ, ಯಾರು ವಾಚಿಸುತ್ತಾರೆ, ಯಾರು ಹಾಡುತ್ತಾರೆ, ಕನ್ನಡ ಬರುವ ಗುರು ಯಾರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅದಕ್ಕೂ ಮುಂಚೆ ಆರು ತಿಂಗಳು ಎಲ್ಲರ ಜೊತೆ ಸಾಮಾನ್ಯ ಪೂಜೆಯಲ್ಲಿ ಕಾಣಿಸಿಕೊಳ್ಳಿ, ಗಾಯನ ತಂಡಕ್ಕೆ ಸೇರಿ. ಹತ್ತಾರು ಭಾಷೆಯವರಿರುವ ಕಡೆ ಒಂದೇ ಹಾಲ್, ಒಂದೇ ಭಾನುವಾರ. ಎಲ್ಲರಿಗೂ ಸಮಯ ಬೇಕು. ನಮ್ಮ ಪೂಜೆ ಮುಗಿದ ಮೇಲೆ ಕುರ್ಚಿ ಮಡಿಸಿಟ್ಟು, ನೆಲ ಗುಡಿಸಿ ಹೊರಡಿ. ಮುಂದಿನ ಸಲ ಹಾಲಿನ ಬೀಗದ ಕೈ ಸಲೀಸಾಗಿ ಸಿಗುತ್ತದೆ.