ಪಾಳಿ ಬದಲಾಗುವ ಹೊತ್ತಿನ ಕಲಿಕೆ

ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಡುವ ತುರ್ತು ಚಿಕಿತ್ಸೆ) ಕಲಿತವರ ಕೈ ಮೂರರಿಂದ ಆರು ತಿಂಗಳೊಳಗೆ ಹದ ತಪ್ಪಲು ಶುರುವಾಗುತ್ತದೆ. ಹಂತಗಳೆಲ್ಲ ಬಾಯಲ್ಲಿ ಇರುತ್ತವೆ. ಆದರೆ ಎದೆ ಒತ್ತುವ ಆಳ ಕಡಿಮೆಯಾಗುತ್ತದೆ, ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳುವಷ್ಟು ಕೈ ಬಿಡುವುದು ಮರೆತುಹೋಗುತ್ತದೆ. ನಮ್ಮಲ್ಲಿ ಹೆಚ್ಚಿನವರ ಸರ್ಟಿಫಿಕೇಟಿನ ಅವಧಿ ಎರಡು ವರ್ಷ. ಅಲ್ಲಿಯವರೆಗೆ ಕೈಯನ್ನು ಹೇಗೆ ಕಾಪಾಡಿಕೊಳ್ಳೋದು ಅಂತ ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಆಂಬುಲೆನ್ಸ್ ಕೆಲಸ ಮಾಡುವ ನಾವು ಕೆಲವರು ಕಂಡುಕೊಂಡ ದಾರಿ ಇದು. ನಾನು ನರ್ಸಿಂಗ್ ಓದಿ ಇಎಂಟಿ (ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ತಂತ್ರಜ್ಞೆ) ಆದವಳು.

ಮೊದಲ ಸಮಸ್ಯೆ ಹೊತ್ತಿನದು. ರಜೆಯ ದಿನ ಬನ್ನಿ ಅಂದರೆ ಯಾರೂ ಬರಲಾರರು, ಬರಬೇಕು ಅಂತ ಕೇಳುವುದೂ ತಪ್ಪು. ಹನ್ನೆರಡು ಗಂಟೆ ಪಾಳಿ ಮುಗಿಸಿದವರಿಗೆ ನಿದ್ದೆ ಬೇಕು. ಎರಡು ತಂಡ ಒಂದೇ ಕಡೆ ಸಿಗುವುದು ಪಾಳಿ ಬದಲಾಗುವಾಗ ಮಾತ್ರ. ಹಾಗಾಗಿ ವಾರಕ್ಕೊಮ್ಮೆ ಆ ಹೊತ್ತಿನಲ್ಲಿ ಇಪ್ಪತ್ತು ನಿಮಿಷ, ಒಂದೇ ಒಂದು ಕೆಲಸ. ಮೂರು ನಿಮಿಷಕ್ಕಿಂತ ಹೆಚ್ಚು ಯಾರೂ ಮಾತಾಡುವಂತಿಲ್ಲ. ಒಬ್ಬರು ಮಾಡಿ ತೋರಿಸುತ್ತಾರೆ, ಆಮೇಲೆ ಪ್ರತಿಯೊಬ್ಬರೂ ಮಾಡುತ್ತಾರೆ, ನೋಡಿದವರು ಏನು ಕಂಡಿತು ಹೇಳುತ್ತಾರೆ, ಮತ್ತೆ ಮಾಡುತ್ತಾರೆ. ಕಾಲ್ ಬಂದರೆ ಅಲ್ಲಿಗೇ ಬಿಟ್ಟು ಹೊರಡೋದು.

ಅಭ್ಯಾಸದ ಸಾಮಾನು ಬೇರೆ ಪೆಟ್ಟಿಗೆಯಲ್ಲಿರುತ್ತದೆ. ಅವಧಿ ಮುಗಿದ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ), ಹಳೇ ಆಂಬು ಬ್ಯಾಗು (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಕುತ್ತಿಗೆ ಅಲುಗದಂತೆ ಹಾಕುವ ಹರಿದ ಕಾಲರು, ಎಲ್ಲದಕ್ಕೂ ಕೆಂಪು ಪೇಂಟು ಬಳಿದಿದ್ದೇವೆ. ಅವು ಗಾಡಿಯ ಸಾಮಾನಿನ ಜೊತೆ ಸೇರಿದರೆ ರೋಗಿಯ ಜೀವಕ್ಕೇ ಅಪಾಯ, ಆದ್ದರಿಂದ ಈ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಇಂಥದ್ದನ್ನು ಶುರುಮಾಡುವವರು ಡಮ್ಮಿಗಿಂತ (ಅಭ್ಯಾಸದ ಗೊಂಬೆಗಿಂತ) ಮೊದಲು ಪೇಂಟಿನ ಡಬ್ಬಿ ತರಲಿ.

ಸಿಪಿಆರ್ ಡಮ್ಮಿಯನ್ನು ನರ್ಸಿಂಗ್ ಶಾಲೆಯೊಂದರಿಂದ ಎರವಲು ತರುತ್ತೇವೆ. ದೊಡ್ಡವರ ಎದೆ ಕನಿಷ್ಠ 5 ಸೆಂಟಿಮೀಟರ್ ಒಳಗೆ ಹೋಗಬೇಕು, 6 ದಾಟಬಾರದು. ನಿಮಿಷಕ್ಕೆ 100ರಿಂದ 120 ಸಲ. ವೇಗವನ್ನು ಮೊಬೈಲಿನಲ್ಲಿ ತಾಳ ಹಾಕುವ ಮೆಟ್ರೊನೋಮ್ ಆ್ಯಪ್ 110ಕ್ಕೆ ಇಟ್ಟು ಕಲಿಯಬಹುದು. ಆಳಕ್ಕೆ ಮಾತ್ರ ಸರಿಯಾದ ಡಮ್ಮಿಯೇ ಬೇಕು, ಹಳೇ ಅಂಗಿಯಲ್ಲಿ ಸ್ಪಂಜು ತುಂಬಿ ಮಾಡಿದ್ದು ಅದಕ್ಕೆ ಒದಗುವುದಿಲ್ಲ. ಖಾಲಿ ಮೈದಾನದಲ್ಲಿ ಗಾಡಿಯನ್ನು ನಿಧಾನವಾಗಿ ತಿರುಗಿಸುತ್ತಾ ಒಳಗೆ ಒತ್ತಿ ನೋಡಿದಾಗ ಎಲ್ಲರಿಗೂ ಗೊತ್ತಾಗಿದ್ದು, ತಿರುವಿನಲ್ಲಿ ನಮ್ಮನ್ನು ನಾವು ಹಿಡಿದುಕೊಳ್ಳುವುದರಲ್ಲೇ ಕೈಯ ಬಲ ಹೋಗುತ್ತದೆ. ಹೊರಡುವ ಮೊದಲು ಸ್ಥಳದಲ್ಲೇ ಇಬ್ಬರೂ ಸೇರಿ ಚೆನ್ನಾಗಿ ಸಿಪಿಆರ್ ಕೊಡುವುದು ಎಷ್ಟು ಮುಖ್ಯ ಅಂತ ಅದಾದ ಮೇಲೆ ಯಾರಿಗೂ ವಿವರಿಸಬೇಕಾಗಲಿಲ್ಲ.

ಇಬ್ಬರು ಅಂದರೆ ಇಎಂಟಿ ಮತ್ತು ಪೈಲಟ್ (ಗಾಡಿಯ ಚಾಲಕ). ಶುರುವಿನಲ್ಲಿ ಪೈಲಟ್‌ಗಳು ದೂರ ನಿಲ್ಲುತ್ತಿದ್ದರು. "ಅಕ್ಕಾ, ನಮ್ಮದು ಗಾಡಿ ಓಡಿಸೋ ಕೆಲಸ, ನೀವು ಮಾಡಿ" ಅನ್ನುತ್ತಿದ್ದರು. ಆದರೆ ಘಾಟಿಯ ರಸ್ತೆಯಲ್ಲಿ ರಾತ್ರಿ ಅಪಘಾತವಾದರೆ ನನಗೆ ಸಿಗುವ ಎರಡನೇ ಜೊತೆ ಕೈ ಅವರದ್ದೇ. ಆಂಬು ಬ್ಯಾಗಿನಲ್ಲಿ ಉಸಿರು ಕೊಡುವಾಗ ಒಬ್ಬರು ಎರಡೂ ಕೈಯಿಂದ ಮಾಸ್ಕನ್ನು ಮುಖಕ್ಕೆ ಬಿಗಿಯಾಗಿ ಹಿಡಿದು ದವಡೆ ಎತ್ತಿ, ಇನ್ನೊಬ್ಬರು ಬ್ಯಾಗ್ ಒತ್ತಿದರೆ ಗಾಳಿ ಸೋರುವುದು ತುಂಬಾ ಕಡಿಮೆಯಾಗುತ್ತದೆ. ಎದೆ ಏಳುವುದು ಕಂಡರೆ ಸಾಕು, ಅದಕ್ಕಿಂತ ಜೋರಾಗಿ ಒತ್ತಿದರೆ ಗಾಳಿ ಹೊಟ್ಟೆಗೆ ಹೋಗುತ್ತದೆ. ಇದನ್ನು ಈಗ ನಮ್ಮ ಪೈಲಟ್‌ಗಳೇ ಹೊಸಬರಿಗೆ ಕಲಿಸುತ್ತಾರೆ. ಆಶಾ ಕಾರ್ಯಕರ್ತೆಯರಿಗೂ ಕಲಿಸಿದ್ದೇವೆ, ಗಾಡಿ ಹೊರಟ ಮೇಲೆ ಹಿಂದೆ ನನ್ನ ಜೊತೆ ಇರುವವರು ಹಲವು ಸಲ ಅವರೇ. ಹಸುಗೂಸಿಗೆ "ಒತ್ತು, ಬಿಡು, ಬಿಡು" ಅಂತ ಗಟ್ಟಿಯಾಗಿ ಹೇಳಿಕೊಂಡೇ ಬ್ಯಾಗ್ ಒತ್ತುತ್ತೇವೆ, ನಿಮಿಷಕ್ಕೆ 40ರಿಂದ 60 ಸಲದ ಲೆಕ್ಕ ಅದರಲ್ಲಿ ಸಿಗುತ್ತದೆ. ಹುಟ್ಟಿದ ಮಗು ಒರೆಸಿ, ಬೆನ್ನು ಉಜ್ಜಿದರೂ ಉಸಿರಾಡದಿದ್ದರೆ ಮೊದಲ ಒಂದು ನಿಮಿಷದೊಳಗೆ ಇದು ಶುರುವಾಗಿರಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಅಭ್ಯಾಸ ಹೆರಿಗೆಯ ನಂತರದ ರಕ್ತಸ್ರಾವದ್ದು. ಸಹಜ ಹೆರಿಗೆಯಲ್ಲಿ 500 ಮಿಲಿ ದಾಟಿದರೆ ಅಪಾಯ ಅಂತ ಎಲ್ಲರಿಗೂ ಗೊತ್ತು. 500 ಮಿಲಿ ಒಂದು ಹತ್ತಿ ಸೀರೆಯಲ್ಲಿ ಇಂಗಿದಾಗ ಹೇಗೆ ಕಾಣುತ್ತದೆ ಅನ್ನುವುದು ಕಣ್ಣಿಗೆ ಗೊತ್ತಿರಬೇಕು. ತಿಳಿಯಾದ ಮೈದಾ ಗಂಜಿಗೆ ಕೆಂಪು ಬಣ್ಣ ಕಲಸಿ, ಅಳತೆ ಮಾಡಿ, ಹಳೇ ಸೀರೆ, ಲಂಗ, ಪ್ಯಾಡು, ಸ್ಟ್ರೆಚರಿನ ರೆಕ್ಸಿನ್ ಮೇಲೆ ಬೇರೆ ಬೇರೆ ಪ್ರಮಾಣ ಸುರಿದು ಊಹಿಸಲು ಹೇಳಿದೆ. ಅನುಭವಿ ನರ್ಸುಗಳೂ ಸೇರಿ ಬಹುತೇಕ ಎಲ್ಲರೂ ಕಡಿಮೆಯೇ ಹೇಳಿದರು. ಪ್ರಮಾಣ ಹೆಚ್ಚಾದಷ್ಟೂ ಊಹೆ ಇನ್ನಷ್ಟು ಹಿಂದೆ ಬಿತ್ತು. ಕಪ್ಪು ಲಂಗದ ಮೇಲಂತೂ ಯಾರಿಗೂ ಅಂದಾಜೇ ಸಿಗಲಿಲ್ಲ. ಆಮೇಲೆ ಅಡುಗೆಮನೆಯ ತಕ್ಕಡಿ ತಂದೆವು. ಒಂದು ಮಿಲಿ ರಕ್ತ ಹತ್ತಿರಹತ್ತಿರ ಒಂದು ಗ್ರಾಂ. ಒದ್ದೆ ಬಟ್ಟೆಯ ತೂಕದಿಂದ ಒಣ ಬಟ್ಟೆಯ ತೂಕ ಕಳೆದರೆ ಉತ್ತರ. ಓಡುವ ಗಾಡಿಯಲ್ಲಿ ತೂಕ ಹಾಕುತ್ತಾ ಕೂರಲು ಆಗುವುದಿಲ್ಲ, ಆದರೆ ಹೀಗೆ ಹಲವು ಸಲ ಊಹಿಸಿ, ತೂಗಿ, ತಿದ್ದಿಕೊಂಡ ಕಣ್ಣು ಬೇಗ ಎಚ್ಚರವಾಗುತ್ತದೆ. ಬಟ್ಟೆಚೀಲದೊಳಗೆ ಒಮ್ಮೆ ನೆನೆದ ಸ್ಪಂಜು, ಒಮ್ಮೆ ಗಟ್ಟಿ ಚೆಂಡು ಇಟ್ಟು, ರಕ್ತ ನಿಲ್ಲದ ಸಡಿಲ ಗರ್ಭಕೋಶ ಯಾವುದು, ಬಿಗಿಯಾದದ್ದು ಯಾವುದು ಅಂತ ಕಣ್ಣು ಮುಚ್ಚಿ ಮುಟ್ಟಿ ಹೇಳಬೇಕು. ಸಡಿಲವಾಗಿದ್ದರೆ ಹೊಟ್ಟೆಯ ಮೇಲಿಂದ ತಿಕ್ಕುತ್ತಲೇ, ಇನ್ನೊಬ್ಬರಿಂದ ಕಂಟ್ರೋಲ್ ರೂಮಿನ ವೈದ್ಯರಿಗೆ ಫೋನ್ ಮಾಡಿಸಿ, ಔಷಧಿಯ ಸಲಹೆ ಕೇಳುವ ತನಕ ಪೂರ್ತಿ ಮಾಡಿಸುತ್ತೇವೆ. ಸಿಗ್ನಲ್ ಯಾವ ತಿರುವಿನಿಂದಾಚೆ ಇಲ್ಲ ಅನ್ನುವುದೂ ಈ ಪಾಠದ ಭಾಗ.

ಇನ್ನೊಂದು ಅಭ್ಯಾಸ ಅಗ್ನಿಶಾಮಕ ಠಾಣೆಯವರ ಜೊತೆ, ಅಡಿಕೆ ತೋಟದಲ್ಲಿ. ಮಳೆಗಾಲದಲ್ಲಿ ಕೊಳೆರೋಗದ ಔಷಧಿ ಹೊಡೆಯುವವರು, ಸುಗ್ಗಿಯಲ್ಲಿ ಅಡಿಕೆಯ ಕೊನೆ (ಗೊನೆ) ಕೊಯ್ಯುವವರು ಮರದಿಂದ ಬಿದ್ದರೆ ಬೆನ್ನುಮೂಳೆಗೆ ಪೆಟ್ಟಾಗಿದೆ ಅಂತಲೇ ಎತ್ತಬೇಕು. ತರಬೇತಿ ಕೋಣೆಯ ಸಮ ನೆಲದಲ್ಲಿ ಸ್ಪೈನ್ ಬೋರ್ಡು (ಬೆನ್ನು ಅಲುಗದಂತೆ ಮಲಗಿಸಿ ಎತ್ತುವ ಹಲಗೆ) ಸುಲಭ. ತೋಟದಲ್ಲಿ ಕೆಸರಿರುತ್ತದೆ, ಬಸಿಗಾಲುವೆ ಇರುತ್ತದೆ, ಇಂಬಳ (ಜಿಗಣೆ) ಹತ್ತುತ್ತದೆ, ಸುತ್ತ ಹತ್ತು ಜನ ಹತ್ತು ರೀತಿ ಎಳೆಯುತ್ತಾರೆ. ತಲೆ ಹಿಡಿದವರೇ ಆಜ್ಞೆ ಕೊಡುವುದು ನಿಯಮ. "ಒಂದು, ಎರಡು, ಮೂರು" ಅಂದಾಗ ಕೆಲವರು ಮೂರಕ್ಕೇ ಎತ್ತುತ್ತಾರೆ, ಕೆಲವರು ಮೂರಾದ ಮೇಲೆ. ಈಗ ತಲೆ ಹಿಡಿದವರು "ತಯಾರಾ?" ಅನ್ನುತ್ತಾರೆ, ಎಲ್ಲರೂ "ಹ್ಞೂಂ" ಅಂದಮೇಲೆ "ಎತ್ತಿ". ಊರಿನವರೂ ಇದನ್ನು ಅರ್ಧ ನಿಮಿಷದಲ್ಲಿ ಕಲಿಯುತ್ತಾರೆ.

ಕಾಲುಸಂಕ (ಹಳ್ಳದ ಮೇಲಿನ ಕಿರಿದಾದ ಕಾಲುಸೇತುವೆ) ದಾಟುವುದು ಎಲ್ಲಕ್ಕಿಂತ ಕಷ್ಟ. ಅಗಲ ಒಬ್ಬರದ್ದು, ಆದ್ದರಿಂದ ಮುಂದೊಬ್ಬರು, ಹಿಂದೊಬ್ಬರು ಮಾತ್ರ. ಹಗ್ಗದ ಕೆಲಸ ಅಗ್ನಿಶಾಮಕದವರದ್ದು. ಮೊದಲು 50 ಕೆಜಿ ಅಕ್ಕಿಮೂಟೆ ಕಟ್ಟಿ ಹಲವು ಸಲ ದಾಟಿದೆವು, ಜೀವಂತ ಮನುಷ್ಯನನ್ನು ಮಲಗಿಸಿದ್ದು ಆಮೇಲೆ. ಮಲಗಿದವರು ನಮ್ಮ ಪೈಲಟ್. ಕಾಲರು ಹಾಕಿ ಕಟ್ಟಿದಾಗ ಆಕಾಶ ಬಿಟ್ಟು ಏನೂ ಕಾಣುವುದಿಲ್ಲ, ಯಾರಾದರೂ ಮಾತಾಡುತ್ತಿರಬೇಕು ಅಂತ ಅವರು ಎದ್ದು ಹೇಳಿದರು. ಅವತ್ತಿನಿಂದ ರೋಗಿಯ ಕಿವಿಯ ಹತ್ತಿರ ಮಾತಾಡುವುದಕ್ಕೇ ಒಬ್ಬರನ್ನು ಗೊತ್ತುಮಾಡುತ್ತೇವೆ. ಸಂಕದ ಮೇಲೆ ನೀರು ಹರಿಯುತ್ತಿದ್ದರೆ ದಾಟುವುದಿಲ್ಲ ಅನ್ನುವ ನಿರ್ಧಾರವನ್ನೂ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿದ್ದೇವೆ, ಯಾಕೆಂದರೆ ಅಳುವ ಮನೆಯವರ ಎದುರು "ಸುತ್ತು ದಾರಿಯಲ್ಲಿ ಹೋಗೋಣ" ಅನ್ನಲು ಧೈರ್ಯ ಬೇಕು.

ಇನ್ನೂ ಆಗದಿರುವುದು ಕತ್ತಲಿನ ಅಭ್ಯಾಸ. ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಕ್ಯಾನುಲಾ ಹಾಕುವುದು, ಹಾವು ಕಚ್ಚಿದವರ ರೆಪ್ಪೆ ಜೋಲುತ್ತಿದೆಯಾ ಅಂತ ಗುರುತಿಸುವುದು, ಕಚ್ಚಿದ ಕೈಕಾಲು ಊದುವ ಮುಂಚೆ ಬಳೆ, ಕಾಲುಂಗುರ ತೆಗೆಯುವುದು. ಬರುವ ಮಳೆಗಾಲಕ್ಕೆ ಮೊದಲು, ರಾತ್ರಿ ಪಾಳಿ ಶುರುವಾಗುವ ಹೊತ್ತಿಗೆ ಇದನ್ನು ಸೇರಿಸುತ್ತೇವೆ. ತಾಲ್ಲೂಕು ಆಸ್ಪತ್ರೆಯ ವೈದ್ಯರೊಬ್ಬರು ಬರಲು ಒಪ್ಪಿದ್ದಾರೆ.