ಎಲ್‌ಪಿಗೆ ಗೋಂದು ಹಚ್ಚಿದೆ, ಮೇಯಾಲ್ ಮತ್ತೆ ಹಾಡಿದರು

ಹಳೇ ಎಲ್‌ಪಿಗೆ, ಅಂದರೆ ಗ್ರಾಮಫೋನ್ ರೆಕಾರ್ಡಿಗೆ, ಮರಗೆಲಸದ ಗೋಂದು ಸುರಿದು, ಒಣಗಿದ ಮೇಲೆ ಸುಲಿದರೆ ಕೊಳೆಯೆಲ್ಲ ಎದ್ದು ಬರುತ್ತದೆ ಅಂದಾಗ ನಮ್ಮ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. "ರೆಕಾರ್ಡ್ ಕತೆ ಮುಗೀತು ಬಿಡಪ್ಪ" ಅಂದರು. ಈಗ ಅವರೇ ತಮ್ಮ ರೆಕಾರ್ಡ್ ತಂದು ಕೊಡುತ್ತಿದ್ದಾರೆ.

ಬರ್ಮಿಂಗ್‌ಹ್ಯಾಮ್‌ಗೆ ಕೆಲಸಕ್ಕೆ ಬಂದ ಮೇಲೆ ದಾನಕ್ಕೆ ಬಂದ ಹಳೇ ಸಾಮಾನು ಮಾರುವ ಇಲ್ಲಿನ ಚಾರಿಟಿ ಅಂಗಡಿ ಸುತ್ತುವುದೇ ನನ್ನ ಶನಿವಾರ. ಬ್ಲ್ಯಾಕ್ ಸಬ್ಬತ್ ಎಂಬ ರಾಕ್ ಬ್ಯಾಂಡಿನವರು ಇದೇ ಊರಿನವರು. ಅವರ 1970ರ ಮೊದಲ ಆಲ್ಬಂ, ಆಮೇಲಿನ ಮುದ್ರಣ, ನಾಲ್ಕೈದು ಪೌಂಡಿಗೆ ಸಿಕ್ಕಿತು. ಅದು ಶುರುವಾಗುವುದು ಮಳೆ ಸದ್ದು, ಗಂಟೆ ಸದ್ದಿನಿಂದ. ಯಾವುದು ಮಳೆ, ಯಾವುದು ಕೊಳೆಯ ಚಟಪಟ ಅಂತಲೇ ಗೊತ್ತಾಗುತ್ತಿರಲಿಲ್ಲ!

ಪಾತ್ರೆ ಸೋಪಿನ ನೀರಿಗೆ ಬೆರಳ ಜಿಡ್ಡು ಹೋಯಿತು, ಗ್ರೂವ್ (ಸೂಜಿ ಓಡುವ ಸಣ್ಣ ಗೆರೆ) ತಳದ ಕೊಳೆ ಅಲ್ಲೇ ಉಳಿಯಿತು. ಸ್ಪಿರಿಟ್ ಬೆರೆಸಿದ ನೀರಿಗೂ ಸಿಗರೇಟಿನ ಹೊಗೆಯ ಪದರ ಜಗ್ಗಲಿಲ್ಲ. ಒಂದು ಅಂಗಡಿಯಲ್ಲಿ ರೆಕಾರ್ಡಿಗೆ ಐದು ಪೌಂಡಿನಂತೆ ಮಷೀನಿನಲ್ಲಿ ತೊಳೆಸಿದೆ, ಹೋದ ಹಾಗೇ ವಾಪಸ್ ಬಂತು. ಸ್ವಂತ ಮಷೀನು 500 ಪೌಂಡ್ ಆಚೀಚೆ, ಯಾರು ಕೊಡುತ್ತಾರೆ?

ಗೋಂದು ಲೀಟರಿಗೆ ಎಂಟೊಂಬತ್ತು ಪೌಂಡ್, ನಮ್ಮ ಫೆವಿಕಾಲ್ ಜಾತಿಯದ್ದು. ಹದಿನೈದು ಬದಿಗೆ ಸಾಕು. ಲೇಬಲ್‌ಗೆ ತಾಗದ ಹಾಗೆ ದಪ್ಪಗೆ ಹರಡಬೇಕು, ತೆಳುವಾದರೆ ಸುಲಿಯುವಾಗ ಹರಿಯುತ್ತದೆ. ಬಿಳಿ ಚುಕ್ಕಿ ಪೂರ್ತಿ ಮಾಯವಾಗಿ ಗಾಜಿನಂತಾಗುವ ತನಕ ಮುಟ್ಟಬೇಡಿ. ಇಲ್ಲಿನ ಚಳಿಗಾಲದಲ್ಲಿ ಅದಕ್ಕೇ ಎರಡು ದಿನ. ಹೀಟರ್ ಹತ್ತಿರ ಇಟ್ಟರೆ ರೆಕಾರ್ಡೇ ಸೊಟ್ಟಗಾಗುತ್ತದೆ. ತುಣುಕು ಉಳಿದರೆ ಅದರ ಮೇಲೇ ಇನ್ನೊಂದು ಪದರ ಹಚ್ಚಿ ಎಳೆಯಿರಿ. ಸುಲಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ಗ್ರೂವ್ ಅಚ್ಚು ಕಾಮನಬಿಲ್ಲಿನ ಬಣ್ಣದಲ್ಲಿ ಕಾಣುತ್ತದೆ. ಸುಲಿದಾಗ ಸ್ಟ್ಯಾಟಿಕ್ (ಮೇಲ್ಮೈಯಲ್ಲಿ ನಿಲ್ಲುವ ವಿದ್ಯುತ್) ಜಾಸ್ತಿ, ಧೂಳು ಮತ್ತೆ ಅಂಟುತ್ತದೆ. ಅದಕ್ಕೆ ನನ್ನದೊಂದು ಉಪಾಯ ಇದೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬ್ಲೂಸ್ ಗಾಯಕ ಜಾನ್ ಮೇಯಾಲ್ ಜೊತೆ ಎರಿಕ್ ಕ್ಲ್ಯಾಪ್ಟನ್ ಗಿಟಾರ್ ನುಡಿಸಿದ 1966ರ 'ಬ್ಲೂಸ್‌ಬ್ರೇಕರ್ಸ್' ಮೋನೊ (ಎಡ-ಬಲ ಎರಡಕ್ಕೂ ಒಂದೇ ಸದ್ದು) ಪ್ರತಿಗೆ ಇನ್ನೊಂದು ಪ್ರಯೋಗ ಮಾಡಿದೆ. ಕವರ್ ಹರಿದಿದ್ದರಿಂದ ಹದಿನೈದು ಪೌಂಡಿಗೆ ಸಿಕ್ಕ ಪ್ರತಿ ಅದು. ಮೋನೊ ಗ್ರೂವ್‌ನಲ್ಲಿ ಸಂಗೀತ ಇರುವುದು ಅಡ್ಡ ಅಲುಗಾಟದಲ್ಲಿ ಮಾತ್ರ, ಸೂಜಿಯ ಮೇಲೆ-ಕೆಳಗಿನ ಕುಣಿತ ಬರೀ ಗದ್ದಲ. ಎಡ-ಬಲ ಎರಡೂ ಚಾನೆಲ್ ಕೂಡಿಸಿದರೆ ಆ ಗದ್ದಲ ಹೊಡೆದು ಹೋಗುತ್ತದೆ. ಕ್ಲ್ಯಾಪ್ಟನ್ ಸ್ಟುಡಿಯೋದಲ್ಲೂ ಮಾರ್ಷಲ್ ಆಂಪನ್ನು (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ವೇದಿಕೆಯಷ್ಟೇ ಜೋರಾಗಿ ಇಟ್ಟು ನುಡಿಸಿದ್ದು ಅಂತ ಓದಿದ್ದೆ. ಆ ಹಸಿ ಗರ್ಜನೆ ಕಿವಿಗೆ ಬಿದ್ದದ್ದು ಈಗ!

ಕೊಲೊಸಿಯಮ್ ಬ್ಯಾಂಡಿನ 'ವ್ಯಾಲೆಂಟೈನ್ ಸ್ವೀಟ್'ಗೆ (1969) ಹೀಗೆ ಕೂಡಿಸಬೇಡಿ, ಅದು ಸ್ಟೀರಿಯೊ, ಎಡ-ಬಲಕ್ಕೆ ಬೇರೆ ಬೇರೆ ಸದ್ದು. ಗೋಂದೊಂದೇ ಸಾಕು. ಜಾನ್ ಹೈಸ್‌ಮನ್ ಡ್ರಮ್ಸ್, ಡಿಕ್ ಹೆಕ್‌ಸ್ಟಾಲ್-ಸ್ಮಿತ್ ಸ್ಯಾಕ್ಸೊಫೋನ್. ಇಬ್ಬರೂ ಹಿಂದಿನ ವರ್ಷ ಮೇಯಾಲ್ ಬಳಗದಲ್ಲಿದ್ದವರು. ಬ್ಲೂಸ್, ಜಾಝ್, ರಾಕ್ ಮೂರೂ ಒಂದೇ ಮನೆಯವು ಅಂತ ಅನ್ನಿಸುವುದು ಇದನ್ನು ಕೇಳಿದಾಗಲೇ.

ಗೀರು ಬಿದ್ದದ್ದಕ್ಕೆ ಗೋಂದು ಮದ್ದಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ತಟ್ಟೆಗಳಿಗಂತೂ ಗೋಂದು, ಸ್ಪಿರಿಟ್ ಎರಡೂ ಬೇಡ. ಸ್ಪಿರಿಟ್‌ಗೆ ಅರಗು ಕರಗಿಯೇ ಹೋಗುತ್ತದೆ.