ಸಾಲದ ದಾವೆ ವಾಪಸ್ ತೆಗೆಯುವ ಮುಂಚೆ ಇದನ್ನು ಓದಿ
ಟೊಮೆಟೊ ವ್ಯಾಪಾರಕ್ಕೆ ಅಂತ ಕೈಸಾಲ ಕೊಟ್ಟು, ಪ್ರೋನೋಟು (ಸಾಲ ತೀರಿಸ್ತೀನಿ ಅನ್ನುವ ಪತ್ರ) ಬರೆಸಿಕೊಂಡು, ಕೊನೆಗೆ ಕೋಲಾರದ ಕೋರ್ಟಿಗೆ ಅಲೆಯುತ್ತಿರುವವರು ಈ ಗುಂಪಲ್ಲಿ ಇದ್ದೀರಿ ಅಲ್ವಾ, ನಿಮಗಾಗಿ ಬರೆಯುತ್ತಿದ್ದೇನೆ. ಸಾಲ ತಗೊಂಡವನು ಮನೆಗೇ ಬಂದು "ಅಣ್ಣಾ, ಕೇಸು ವಾಪಸ್ ತಗೊಳ್ಳಿ, ಯುಗಾದಿ ಒಳಗೆ ಕೊಡ್ತೀನಿ" ಅಂದ ಕೂಡಲೇ ಸಹಿ ಹಾಕಬೇಡಿ. ನಾನು ಹಾಕಿದೆ. ದಾವೆ ವಾಪಸ್ ತಗೊಳ್ತೀನಿ ಅಂತ ಕೋರ್ಟಿಗೆ ಕೊಡುವ ಎರಡೇ ಸಾಲಿನ ಮೆಮೊ. ಯುಗಾದಿ ಹೋಯಿತು, ದುಡ್ಡು ಬರಲಿಲ್ಲ, ಮತ್ತೆ ದಾವೆ ಹಾಕಲು ದಾರಿಯೂ ಉಳಿಯಲಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 1ರ ಪ್ರಕಾರ ಮತ್ತೆ ದಾವೆ ಹಾಕಲು ಕೋರ್ಟಿನ ಅನುಮತಿ ಪಡೆಯದೆ ಸುಮ್ನೆ ವಾಪಸ್ ತೆಗೆದರೆ, ಅದೇ ಸಾಲಕ್ಕೆ ಅವನ ಮೇಲೆ ಹೊಸ ದಾವೆ ಹಾಕಲು ಬರುವುದಿಲ್ಲ. ಅನುಮತಿ ಸಿಕ್ಕರೂ ದಾವೆ ಹಾಕಲು ಇರುವ ಕಾಲಮಿತಿ ನಿಲ್ಲುವುದಿಲ್ಲ, ಮೊದಲ ದಾವೆ ಹಾಕೇ ಇಲ್ಲ ಅನ್ನುವ ಲೆಕ್ಕ. ಸಾಲಕ್ಕೆ ಇರುವುದು 3 ವರ್ಷ.

ರಾಜಿ ಮಾಡಿಕೊಳ್ಳಿ, ತಪ್ಪಿಲ್ಲ. ಆದರೆ ಲೋಕ ಅದಾಲತ್‌ಗೆ ಹಾಕಿಸಿ ಅಂತ ವಕೀಲರಿಗೆ ಹೇಳಿ. ಕಂತು ಎಷ್ಟು, ಯಾವ ತಾರೀಕು, ತಪ್ಪಿದರೆ ಬಡ್ಡಿ ಎಷ್ಟು, ಎಲ್ಲ ಬರೆಸಿ. ಅಲ್ಲಿ ಆದ ರಾಜಿ ಡಿಕ್ರಿಗೆ (ಕೋರ್ಟಿನ ತೀರ್ಪಿನ ಆದೇಶಕ್ಕೆ) ಸಮ, ಕೊಡದಿದ್ದರೆ ಅದನ್ನು ಜಾರಿ ಮಾಡಿಸಿ ವಸೂಲಿ ಮಾಡಲು ನೇರವಾಗಿ ಜಾರಿ ಅರ್ಜಿ ಹಾಕಬಹುದು. ಕಟ್ಟಿದ ಕೋರ್ಟ್ ಫೀಸೂ ವಾಪಸ್ ಬರುತ್ತದೆ. ಬರೀ ಮೆಮೊ ಕೊಡುವುದಾದರೆ, ಪೂರ್ತಿ ದುಡ್ಡು ಪಾಸ್‌ಬುಕ್ಕಿನಲ್ಲಿ ಕಂಡ ಮೇಲೆ ಕೊಡಿ.